ಹರಿಹರದಿಂದ ಮರಳುವಾಗ ಬಾತಿಯಲ್ಲಿ ಕಾಲು ಸೋತವು: ಅಕ್ಟೋಬರ್‌ನಲ್ಲಿ ಮೊದಲ ಮ್ಯಾರಥಾನ್, ದೀರ್ಘ ಓಟ ಹೇಗಿರಬೇಕು?

ಗಿರಣಿಮನೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ.

ನನಗೆ 43 ವರ್ಷ. ನಿಟ್ಟುವಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಪೂರ್ಣ ಮ್ಯಾರಥಾನ್, ಅಂದರೆ 42.2 ಕಿಲೋಮೀಟರ್, ಓಡಲು ಹೆಸರು ಕೊಟ್ಟಿದ್ದೇನೆ. ಇನ್ನು ಹದಿನಾರು ವಾರ ಉಳಿದಿದೆ. ಮೊನ್ನೆ ಸೋಮವಾರ ಆದದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಎಲ್ಲಿ ತಪ್ಪಿದೆ ಎಂದು ಅನುಭವವಿದ್ದವರು ಹೇಳಬೇಕು.

ಓಡಲು ಶುರು ಮಾಡಿ ನಾಲ್ಕು ವರ್ಷವಾಯಿತು. ಮೊದಲು ಕುಂದುವಾಡ ಕೆರೆ ಏರಿಯ ಮೇಲೆ ಬೆಳಗಿನ ನಡಿಗೆ, ಆಮೇಲೆ ಸ್ವಲ್ಪ ಓಟ ಸ್ವಲ್ಪ ನಡಿಗೆ, ಆಮೇಲೆ ಪೂರ್ತಿ ಓಟ. ಹತ್ತು ಕಿಲೋಮೀಟರಿನ ಎರಡು ಸ್ಪರ್ಧೆ ಮುಗಿಸಿದ್ದೇನೆ. ಕಳೆದ ಡಿಸೆಂಬರ್‌ನಲ್ಲಿ ಅರ್ಧ ಮ್ಯಾರಥಾನ್ ಓಡಿದೆ. 2 ಗಂಟೆ 28 ನಿಮಿಷ ಹಿಡಿಯಿತು. ಮರುದಿನ ಎಂದಿನಂತೆ ಗಿರಣಿ ತೆರೆದು ನಿಂತೆ, ಏನೂ ಆಗಲಿಲ್ಲ. ಆ ಧೈರ್ಯದ ಮೇಲೆಯೇ ಪೂರ್ಣ ದೂರಕ್ಕೆ ಕೈ ಹಾಕಿದ್ದು.

ನಮ್ಮ ಗಿರಣಿಗೆ ಸೋಮವಾರ ರಜೆ. ಇದು ಮಾವನವರ ಕಾಲದಿಂದ ಬಂದದ್ದು. ಹಳ್ಳಿಯಲ್ಲಿ ಒಕ್ಕಲುತನವಿದ್ದಾಗ ಸೋಮವಾರ ಬಸವಣ್ಣನ ವಾರವೆಂದು ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಪೇಟೆಗೆ ಬಂದು ಗಿರಣಿ ಹಾಕಿದ ಮೇಲೆ ಯಂತ್ರಕ್ಕೂ ಅದೇ ಬಿಡುವು ಕೊಟ್ಟರು. ಹಾಗಾಗಿ ದೀರ್ಘ ಓಟಕ್ಕೆ ನನಗೆ ಸಿಗುವುದು ಸೋಮವಾರ ಒಂದೇ. ಆದರೆ ವಾರದಲ್ಲಿ ಅತಿ ಹೆಚ್ಚು ಗಿರಾಕಿ ಬರುವುದು ಭಾನುವಾರ. ಬೆಳಿಗ್ಗೆ ಎಂಟಕ್ಕೆ ನಿಂತವಳು ರಾತ್ರಿ ಒಂಬತ್ತಕ್ಕೆ ಬಾಗಿಲು ಎಳೆಯುತ್ತೇನೆ. ಜೋಳ, ರಾಗಿ, ಗೋಧಿ, ಖಾರದ ಪುಡಿ ಎಂದು ಡಬ್ಬಿಗಳ ಸಾಲು ಬೀದಿಯವರೆಗೆ ಇರುತ್ತದೆ.

ಮೊನ್ನೆ ಸೋಮವಾರ ಬೆಳಗಿನ ಐದಕ್ಕೆ ಒಂದು ಲೋಟ ಚಹಾ ಕುಡಿದು ಹೊರಟೆ. ಹಳೆಯ ಪಿ.ಬಿ. ರಸ್ತೆ ಹಿಡಿದು ಹರಿಹರದ ತುಂಗಭದ್ರಾ ಸೇತುವೆ ಮುಟ್ಟಿ ಹಿಂದಿರುಗುವುದು, ಹೋಗಿ ಬರಲು ಸುಮಾರು 30 ಕಿಲೋಮೀಟರ್ ಎಂದು ಲೆಕ್ಕ ಹಾಕಿದ್ದೆ. ಅಲ್ಲಿಯವರೆಗೆ 21ಕ್ಕಿಂತ ಹೆಚ್ಚು ಓಡಿರಲಿಲ್ಲ. ತಂಪು ಗಾಳಿ, ಖಾಲಿ ರಸ್ತೆ. ಮೊದಲ ಹತ್ತು ಕಿಲೋಮೀಟರನ್ನು ಕಿಲೋಮೀಟರಿಗೆ 6 ನಿಮಿಷ 40 ಸೆಕೆಂಡಿನ ಲೆಕ್ಕದಲ್ಲಿ ಓಡಿದೆ. ಸೇತುವೆಯ ಮೇಲೆ ನಿಂತು ಹೊಳೆ ನೋಡಿ ನೀರು ಕುಡಿದೆ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ಹಿಂದಿರುಗುವಾಗ ಗಡಿಯಾರ 22 ಕಿಲೋಮೀಟರ್ ತೋರಿಸುತ್ತಿತ್ತು, ದೊಡ್ಡಬಾತಿ ಹತ್ತಿರವಿತ್ತು. ಬಲ ತೊಡೆ ಒಮ್ಮೆಲೇ ಹಿಡಿದುಕೊಂಡಿತು. ಹತ್ತು ಹೆಜ್ಜೆ ನಡೆದೆ, ಎಡ ಮೀನಖಂಡವೂ ಗಂಟು ಕಟ್ಟಿತು. ರಸ್ತೆ ಬದಿಯ ಮೋರಿ ಕಟ್ಟೆಯ ಮೇಲೆ ಕುಳಿತು ನೋಡಿದರೆ ಚರ್ಮದ ಕೆಳಗೆ ಮಾಂಸ ತಾನಾಗಿಯೇ ಅದುರುತ್ತಿತ್ತು, ಜರಡಿ ಅದುರಿದ ಹಾಗೆ. ಕೆನ್ನೆ ಒರೆಸಿಕೊಂಡರೆ ಕೈಗೆ ಬಿಳಿ ಪುಡಿ ಹತ್ತಿತು. ದಿನವೂ ಮೈಮೇಲೆ ಹಿಟ್ಟು ಬೀಳುವವಳು ನಾನು, ಹಿಟ್ಟೇ ಇರಬೇಕು ಅಂದುಕೊಂಡೆ. ನಾಲಗೆಗೆ ತಗುಲಿಸಿದರೆ ಉಪ್ಪು. ಅರ್ಧ ಗಂಟೆ ಕುಳಿತು ಬಸ್ಸು ಹಿಡಿದು ಮನೆಗೆ ಬಂದೆ.

ನನಗೆ ತಿಳಿಯಬೇಕಾದದ್ದು ಇಷ್ಟು. ಸ್ಪರ್ಧೆಗೆ ಮುಂಚೆ 30 ಅಥವಾ 32 ಕಿಲೋಮೀಟರ್ ಎಷ್ಟು ಸಲ ಓಡಿರಬೇಕು? ಓಡುವಾಗ ಏನು ತಿನ್ನಬೇಕು? ಓಟಗಾರರು ತಿನ್ನುವ ಅಂಗಡಿಯ ಸಕ್ಕರೆ ಜೆಲ್ ಒಮ್ಮೆ ತಿಂದು ನೋಡಿದೆ, ಹೊಟ್ಟೆ ತೊಳಸಿತು. ಭಾನುವಾರ ಹದಿಮೂರು ಗಂಟೆ ನಿಂತು ಸೋಮವಾರ ಓಡುವುದು ಸರಿಯೇ? ಮನೆಯಲ್ಲಿ ಗಂಡನೂ ಮಗನೂ ನನ್ನ ಪರ ಇದ್ದಾರೆ. ಬಂಧುಗಳು ಮಾತ್ರ, ಹೆಣ್ಣಿನ ಶರೀರಕ್ಕೆ ಅಷ್ಟು ದೂರ ಆಗಿಬರುವುದಿಲ್ಲ, ಬಾತಿಯಲ್ಲಿ ಅದೇ ಕಂಡಿತಲ್ಲ ಎನ್ನುತ್ತಿದ್ದಾರೆ. ಆ ಮಾತು ಮನಸ್ಸಿನಲ್ಲಿ ಕುಳಿತುಬಿಟ್ಟಿದೆ.

ಜೋಗಿಮಟ್ಟಿ ಮೇಷ್ಟ್ರು, ಚಿತ್ರದುರ್ಗ

ತಾಯಿ, ಬಂಧುಗಳ ಮಾತಿನಿಂದಲೇ ಶುರು ಮಾಡುತ್ತೇನೆ. ಅದು ನಿಮ್ಮ ನೆಂಟರು ಹುಟ್ಟಿಸಿದ ಮಾತಲ್ಲ. ಒಲಿಂಪಿಕ್ಸ್‌ನಲ್ಲಿ ಗಂಡಸರ ಮ್ಯಾರಥಾನ್ 1896ರಲ್ಲೇ ಶುರುವಾಯಿತು. ಹೆಂಗಸರಿಗೆ ಆ ದೂರ ಓಡಲು ಅವಕಾಶ ಸಿಕ್ಕಿದ್ದು 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಎಂಬತ್ತೆಂಟು ವರ್ಷ ಇದೇ ಮಾತು ಹೇಳಿ ಅವರನ್ನು ಹೊರಗಿಟ್ಟಿದ್ದರು. ಆ ವರ್ಷ ಅಮೆರಿಕದ ಜೋನ್ ಬೆನಾಯ್ಟ್ 2 ಗಂಟೆ 24 ನಿಮಿಷ 52 ಸೆಕೆಂಡಿನಲ್ಲಿ ಗೆದ್ದರು. ನಮ್ಮ ದೇಶದ ಓ.ಪಿ. ಜೈಶಾ 2015ರಲ್ಲಿ ಬೀಜಿಂಗ್‌ನಲ್ಲಿ 2 ಗಂಟೆ 34 ನಿಮಿಷ 43 ಸೆಕೆಂಡಿನಲ್ಲಿ ಓಡಿದರು. ನೆಂಟರು ಮುಂದಿನ ಸಲ ಬಂದಾಗ ಇಷ್ಟು ಹೇಳಿ ಸಾಕು.

ಈಗ ಬಾತಿಗೆ ಬರೋಣ. ನಾನು ಮೂವತ್ತು ವರ್ಷ ದೈಹಿಕ ಶಿಕ್ಷಕನಾಗಿದ್ದವನು, ಈಗ 66 ವರ್ಷ. ನೀವು ಬರೆದದ್ದರಲ್ಲಿ ತಪ್ಪು ಎದ್ದು ಕಾಣುತ್ತದೆ. ಅರ್ಧ ಮ್ಯಾರಥಾನ್ ಸ್ಪರ್ಧೆಯಲ್ಲಿ ನಿಮ್ಮ ವೇಗ ಕಿಲೋಮೀಟರಿಗೆ ಸುಮಾರು 7 ನಿಮಿಷ. ಅಭ್ಯಾಸದ ದಿನ, ಅದಕ್ಕಿಂತ ಉದ್ದದ ದೂರವನ್ನು, 6 ನಿಮಿಷ 40 ಸೆಕೆಂಡಿನಲ್ಲಿ ಹಿಡಿದಿರಿ. ತೊಡೆ ಹಿಡಿದದ್ದು 22ನೇ ಕಿಲೋಮೀಟರಿನಲ್ಲಾದರೂ ಅದರ ಬೀಜ ಬಿದ್ದದ್ದು ಮೊದಲ ಹತ್ತರಲ್ಲಿ. ನಾನೂ ಇದನ್ನು ಅನುಭವಿಸಿಯೇ ಕಲಿತೆ. ಮುಂಬೈನಲ್ಲಿ ನನ್ನ ಮೊದಲ ಮ್ಯಾರಥಾನ್ ಓಡುವಾಗ ಮುಂಜಾವಿನ ತಂಪಿಗೆ ಮೈಮರೆತು ಅರ್ಧ ದೂರವನ್ನು ಹಾರಿಕೊಂಡು ಹೋದೆ. ಕೊನೆಯ ಭಾಗದಲ್ಲಿ ಪೆಡ್ಡರ್ ರಸ್ತೆಯ ಏರು ಬರುತ್ತದೆ. ಅಲ್ಲಿ ಕಾಲು ಎತ್ತಿ ಇಡಲಾಗದೆ ಕಂಬ ಕಂಬಕ್ಕೂ ನಿಂತೆ.

ನಿಮ್ಮ ದೀರ್ಘ ಓಟದ ವೇಗ ಕಿಲೋಮೀಟರಿಗೆ 7 ನಿಮಿಷ 45 ಸೆಕೆಂಡಿನಿಂದ 8 ನಿಮಿಷ 15 ಸೆಕೆಂಡಿನ ನಡುವೆ ಇರಲಿ. ಗಡಿಯಾರಕ್ಕಿಂತ ಒಳ್ಳೆಯ ಅಳತೆ ಉಸಿರು. ಪಕ್ಕದಲ್ಲಿ ಓಡುವವರಿಗೆ ಒಂದು ವಾಕ್ಯ ಪೂರ್ತಿ ಹೇಳಲು ಆಗಬೇಕು. ಒಬ್ಬರೇ ಇದ್ದರೆ ಒಂದು ವಚನ ಹೇಳಿಕೊಳ್ಳಿ. ನಡುವೆ ಉಸಿರು ಕಡಿದರೆ ನಿಧಾನಿಸಿ. ಸ್ಪರ್ಧೆಯಲ್ಲಿ 7 ನಿಮಿಷ 45 ಸೆಕೆಂಡಿನ ಲೆಕ್ಕದಲ್ಲಿ ಹೋದರೂ 5 ಗಂಟೆ 27 ನಿಮಿಷಕ್ಕೆ ಮುಗಿಯುತ್ತದೆ. ಕಾಲಮಿತಿ ಎಷ್ಟೆಂದು ಸಂಘಟಕರ ನಿಯಮದಲ್ಲಿ ಈಗಲೇ ನೋಡಿಟ್ಟುಕೊಳ್ಳಿ.

ದೂರವನ್ನು 21ರಿಂದ 30ಕ್ಕೆ ಹಾರಿಸಬೇಡಿ. ಸೋಮವಾರಗಳಲ್ಲಿ 18, 20, 22, ಮತ್ತೆ 16ಕ್ಕೆ ಇಳಿಸಿ. ಆಮೇಲೆ 24, 26, ಮತ್ತೆ 18. ಆಮೇಲೆ 28, 30, ಮತ್ತೆ 20. ಆಮೇಲೆ 32, ನಡುವೆ 22, ಇನ್ನೊಂದು 32. ಕೊನೆಯ ಎರಡು ವಾರ 20 ಮತ್ತು 12. ಇಳಿಸುವ ವಾರಗಳನ್ನು ಬಿಡಬೇಡಿ. ಕಾಲು ಬಲಿಯುವುದು ಆ ವಾರಗಳಲ್ಲಿಯೇ. ಎರಡು ಸಲ 32 ಮುಟ್ಟಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಮಾತು. ದಾವಣಗೆರೆ ಬಯಲು. ಒಂದೇ ಮಟ್ಟದಲ್ಲಿ ಗಂಟೆಗಟ್ಟಲೆ ಓಡಿದರೆ ಅದೇ ಸ್ನಾಯುವಿಗೆ ಅದೇ ಏಟು ಬೀಳುತ್ತಿರುತ್ತದೆ. ವಾರಕ್ಕೊಮ್ಮೆ ಬಾತಿ ಗುಡ್ಡ ಹತ್ತಿ ಇಳಿಯಿರಿ. ನಮ್ಮ ಕಡೆ ಜೋಗಿಮಟ್ಟಿ ರಸ್ತೆ ಇದೆ. ನಾನು ಹತ್ತುವಾಗ ಬಿರುಸಾಗಿ ನಡೆಯುತ್ತೇನೆ, ಇಳಿಯುವಾಗ ಸಣ್ಣ ಹೆಜ್ಜೆಯಲ್ಲಿ ಓಡುತ್ತೇನೆ. ಆಷಾಢದ ಗಾಳಿಗೆ ಅಲ್ಲಿ ನಿಲ್ಲುವುದೇ ಕಷ್ಟ, ಆದರೂ ಬಿಡುವುದಿಲ್ಲ. ಇಳಿಜಾರಿನಲ್ಲಿ ಮೈಭಾರವನ್ನು ತಡೆಯುವುದು ತೊಡೆಯ ಮುಂಭಾಗ. ನಿಮಗೆ ಬಾತಿಯಲ್ಲಿ ಕೈಕೊಟ್ಟದ್ದೂ ತೊಡೆಯೇ.

ರಾತ್ರಿಪಾಳಿ, ದಾವಣಗೆರೆ

ಅಕ್ಕ, ನಾನು ನರ್ಸ್. ಮೂರು ಮ್ಯಾರಥಾನ್ ಓಡಿದ್ದೇನೆ, ನಿಮ್ಮಷ್ಟೇ ವೇಗದವಳು. ಮೇಷ್ಟ್ರು ವೇಗದ ಬಗ್ಗೆ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. 32ರ ಬಗ್ಗೆ ಒಪ್ಪುವುದಿಲ್ಲ. ವೇಗದ ಓಟಗಾರರು 32 ಕಿಲೋಮೀಟರನ್ನು ಎರಡೂವರೆ ಗಂಟೆಯಲ್ಲಿ ಮುಗಿಸುತ್ತಾರೆ. ನಮಗೆ ಕಿಲೋಮೀಟರಿಗೆ 8 ನಿಮಿಷದಂತೆ 4 ಗಂಟೆ 16 ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತಿನ ಪೆಟ್ಟಿನಿಂದ ಚೇತರಿಸಿಕೊಳ್ಳುವುದಕ್ಕೇ ವಾರ ಹೋಗುತ್ತದೆ, ಉಳಿದ ಅಭ್ಯಾಸ ಕೆಡುತ್ತದೆ. ಅದೂ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ನೀವು ಮತ್ತೆ ಗಿರಣಿಯಲ್ಲಿ ನಿಂತಿರಬೇಕು. ಹೆಚ್ಚಿನ ದೀರ್ಘ ಓಟಗಳನ್ನು ಮೂರೂವರೆ ಗಂಟೆಗೆ ನಿಲ್ಲಿಸಿ, ಒಂದೇ ಒಂದು ಸಲ 30 ಮುಟ್ಟಿ ಎನ್ನುತ್ತೇನೆ. ಅದರಲ್ಲೂ ಮೊದಲ ಕಿಲೋಮೀಟರಿನಿಂದಲೇ ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ ಜೆಫ್ ಗ್ಯಾಲೊವೇ ಇದೇ ಪದ್ಧತಿಯಲ್ಲಿ ಸಾವಿರಾರು ಜನರಿಗೆ ತರಬೇತಿ ಕೊಟ್ಟರು. ಸೋತ ಮೇಲೆ ನಡೆಯುವುದಕ್ಕೂ ಸೋಲದಿರಲೆಂದು ನಡೆಯುವುದಕ್ಕೂ ಬಹಳ ವ್ಯತ್ಯಾಸವಿದೆ.

ಆಹಾರದ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಓಡುವಾಗ ಪ್ರತಿ ಕಿಲೋಮೀಟರಿಗೆ ಮೈತೂಕದ ಪ್ರತಿ ಕಿಲೋಗೆ ಸುಮಾರು ಒಂದು ಕ್ಯಾಲರಿ ಖರ್ಚಾಗುತ್ತದೆ. 58 ಕಿಲೋ ತೂಕದವರಾದರೆ 42 ಕಿಲೋಮೀಟರಿಗೆ 2,400ಕ್ಕೂ ಹೆಚ್ಚು. ಸ್ನಾಯು ಮತ್ತು ಯಕೃತ್ತಿನಲ್ಲಿ ಸಕ್ಕರೆ ರೂಪದಲ್ಲಿ ಕೂಡಿಟ್ಟದ್ದು ತುಂಬಿದ್ದಾಗಲೂ 2,000ದ ಆಸುಪಾಸು ಮಾತ್ರ. ಕೊಬ್ಬು ಬೇಕಾದಷ್ಟಿದೆ, ಆದರೆ ಅದು ನಿಧಾನವಾಗಿ ಉರಿಯುವ ಸೌದೆ. ಮೂವತ್ತು ಕಿಲೋಮೀಟರ್ ದಾಟಿದ ಮೇಲೆ ಗೋಡೆಗೆ ಡಿಕ್ಕಿ ಹೊಡೆದಂತಾಯಿತು ಎಂದು ಓಟಗಾರರು ಹೇಳುವುದು ಇದೇ ಸಕ್ಕರೆ ಮುಗಿದಾಗ. ರಾತ್ರಿ ನಿದ್ದೆಯಲ್ಲಿ ಯಕೃತ್ತಿನ ದಾಸ್ತಾನು ಬಹಳಷ್ಟು ಕರಗಿರುತ್ತದೆ. ನೀವು ಭಾನುವಾರ ಹದಿಮೂರು ಗಂಟೆ ನಿಂತು, ಬೆಳಿಗ್ಗೆ ಬರೀ ಚಹಾ ಕುಡಿದು ಹೊರಟಿರಿ. ಖಾಲಿ ಚೀಲ ಹಿಡಿದು ಸಂತೆಗೆ ಹೋದ ಹಾಗೆ.

ಭಾನುವಾರ ರಾತ್ರಿ ಬೇಗ ಅನ್ನ, ತಿಳಿಸಾರು ಊಟ ಮಾಡಿ. ಬೆಣ್ಣೆ ದೋಸೆ, ಮಿರ್ಚಿ ಎಲ್ಲ ಓಟ ಮುಗಿದ ಮೇಲೆ ಇರಲಿ. ಹೊರಡುವ ಒಂದು ಗಂಟೆ ಮುಂಚೆ ಎರಡು ಬಾಳೆಹಣ್ಣು. ಓಡಲು ಶುರು ಮಾಡಿ ಮುಕ್ಕಾಲು ಗಂಟೆಗೇ ತಿನ್ನಲು ಆರಂಭಿಸಿ, ಹಸಿವಾಗುವವರೆಗೆ ಕಾಯಬೇಡಿ. ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಅಂಶ ಹೊಟ್ಟೆಗೆ ಹೋಗಬೇಕು. ಜೆಲ್ ಬೇಡವೆಂದರೆ ಒಂದು ಹಿಡಿ ಒಣದ್ರಾಕ್ಷಿ ಮತ್ತು ಅಡಿಕೆ ಗಾತ್ರದ ಎರಡು ಮೂರು ಬೆಲ್ಲದ ತುಂಡಿನಿಂದ ಗಂಟೆಗೆ ಮೂವತ್ತರ ಲೆಕ್ಕ ಮುಟ್ಟುತ್ತದೆ. ಶೇಂಗಾ ಚಿಕ್ಕಿಯಲ್ಲಿ ಎಣ್ಣೆ ಅಂಶ ಜಾಸ್ತಿ, ಓಡುವಾಗ ಅರಗುವುದು ನಿಧಾನ. ಹೊಟ್ಟೆಗೂ ತರಬೇತಿ ಬೇಕು. ಸ್ಪರ್ಧೆಯ ದಿನ ತಿನ್ನುವುದನ್ನೇ ಪ್ರತಿ ಸೋಮವಾರ ತಿಂದು ಅಭ್ಯಾಸ ಮಾಡಿ.

ಕೆನ್ನೆಯ ಉಪ್ಪು ಕಂಡು ಗಾಬರಿಯಾಗಬೇಡಿ, ಕೆಲವರ ಬೆವರಿನಲ್ಲಿ ಉಪ್ಪು ಹೆಚ್ಚು. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಹಾಕಿ. ದೊಡ್ಡ ಪೊಟ್ಟಣವಾದರೆ ಒಂದು ಲೀಟರ್. ಅರ್ಧ ಪೊಟ್ಟಣ ಅಂದಾಜಿನಲ್ಲಿ ಬೇಡ. ಹಾಗೆಂದು ಸಿಕ್ಕಲ್ಲೆಲ್ಲ ನೀರು ಕುಡಿಯುವುದೂ ಅಪಾಯ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ 13% ಜನರಲ್ಲಿ ಸೋಡಿಯಂ, ಅಂದರೆ ರಕ್ತದ ಉಪ್ಪಿನ ಅಂಶ, ಕಡಿಮೆಯಾಗಿತ್ತು. ಓಡುತ್ತ ಓಡುತ್ತ ತೂಕ ಹೆಚ್ಚಿಸಿಕೊಂಡವರಲ್ಲಿ, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರಲ್ಲಿ, ಇದು ಎದ್ದು ಕಂಡಿತು. ನಿಮ್ಮ ಗಿರಣಿಯಲ್ಲಿ ಮೂಟೆ ತೂಗುವ ಯಂತ್ರ ಇರಬೇಕಲ್ಲ? ಓಟಕ್ಕೆ ಮುಂಚೆ ಮತ್ತು ಬಂದ ಮೇಲೆ ಅದರ ಮೇಲೆ ನಿಂತು ಬರೆದಿಡಿ. ಒಂದು ಕಿಲೋ ಇಳಿದರೆ, ನೀವು ಕುಡಿದದ್ದರ ಮೇಲೆ ಸುಮಾರು ಒಂದು ಲೀಟರ್ ಬೆವರು ಹೆಚ್ಚಿಗೆ ಹೋಗಿದೆ ಎಂದರ್ಥ. ತೂಕ ಏರಬಾರದು.

ದಯವಿಟ್ಟು ಈ ವಾರವೇ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಪರೀಕ್ಷೆ ಮಾಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ 57% ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಪಾಳಿಯಲ್ಲಿ ನಾನು ದಿನವೂ ನೋಡುವುದು ಅದನ್ನೇ. ಸುಸ್ತು ಎಂದು ಬರುತ್ತಾರೆ, ರಕ್ತ ನೋಡಿದರೆ 8, 9. ಹೆಂಗಸರು ತಮ್ಮ ಸುಸ್ತನ್ನು ಕೆಲಸದ ಸುಸ್ತು ಎಂದುಕೊಂಡು ವರ್ಷಗಟ್ಟಲೆ ದೂಡುತ್ತಾರೆ. ನನಗೆ ಇದು ಸಹಿಸಲಾಗದ ಸಂಗತಿ. ಊಟದ ಜೊತೆಗೆ ಚಹಾ ಕುಡಿಯಬೇಡಿ, ಕಬ್ಬಿಣಾಂಶ ಅಷ್ಟಾಗಿ ಮೈಗೆ ಹತ್ತುವುದಿಲ್ಲ. ನಲವತ್ತು ದಾಟಿದವರು ಬಿ.ಪಿ., ಇ.ಸಿ.ಜಿ. ಕೂಡ ಮಾಡಿಸಿಕೊಂಡು ವೈದ್ಯರ ಒಪ್ಪಿಗೆ ಪಡೆಯುವುದು ಒಳ್ಳೆಯದು. ನೋವಿನ ಮಾತ್ರೆ ನುಂಗಿ ದೀರ್ಘ ಓಟಕ್ಕೆ ಇಳಿಯಲೇಬೇಡಿ, ಮೂತ್ರಪಿಂಡಕ್ಕೆ ಹೊಡೆತ.

ಜೋಗಿಮಟ್ಟಿ ಮೇಷ್ಟ್ರು, ಚಿತ್ರದುರ್ಗ

ನರ್ಸ್ ತಾಯಿ ಹೇಳಿದ ಗಂಟೆಯ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿದೆ. ನನ್ನ ವಿದ್ಯಾರ್ಥಿಗಳೆಲ್ಲ ಹದಿನೆಂಟು ಇಪ್ಪತ್ತರ ಹುಡುಗರು. ಅವರ 32ಕ್ಕೂ ಗಿರಣಿಯಲ್ಲಿ ನಿಂತು ದುಡಿಯುವವರ 32ಕ್ಕೂ ಒಂದೇ ಅಳತೆ ಹಿಡಿದದ್ದು ನನ್ನ ತಪ್ಪು. 32 ಬಿಡೋಣ. ಆದರೆ 30 ಎರಡು ಸಲ ಇರಲಿ ಎಂದು ಈಗಲೂ ಹೇಳುತ್ತೇನೆ: ಆರು ವಾರ ಮುಂಚೆ ಒಂದು, ಮೂರು ವಾರ ಮುಂಚೆ ಒಂದು. ಮೊದಲನೆಯದರಲ್ಲಿ ಏನಾದರೂ ಎಡವಟ್ಟಾದರೆ ತಿದ್ದಿಕೊಳ್ಳಲು ಇನ್ನೊಂದು ಅವಕಾಶ ಬೇಕು. ಬಾತಿಯ ನೆನಪು ಹೊತ್ತು ಬೆಂಗಳೂರಿಗೆ ಹೋಗಬಾರದು.

ಹೊಳೆದಂಡೆ, ಹರಿಹರ

ಅಕ್ಕ, ನಮ್ಮ ಸೇತುವೆವರೆಗೆ ಬಂದು ಹೋಗಿದ್ದೀರಿ, ಗೊತ್ತಿದ್ದರೆ ಜೊತೆಗೆ ಓಡುತ್ತಿದ್ದೆ! ನಾನೂ ಬೆಳಗಿನ ಕತ್ತಲಲ್ಲಿ ಒಬ್ಬಳೇ ಓಡುವವಳು. ಆ ರಸ್ತೆಯಲ್ಲಿ ಐದೂವರೆಗೆ ಮುಂಚೆ ಲಾರಿಗಳು ಜೋರು. ಎದುರಿನ ವಾಹನ ಕಾಣುವ ಹಾಗೆ ಬಲಬದಿಯಲ್ಲಿ ಓಡಿ, ತಿಳಿ ಬಣ್ಣದ ಅಂಗಿ ಹಾಕಿ, ಬೆನ್ನಿಗೆ ಮಿನುಗುವ ಪಟ್ಟಿ ಅಂಟಿಸಿ. ನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ, ಅದರ ಕಡೆ ಮುಖ ಮಾಡಿ ನಿಧಾನವಾಗಿ ನಡೆಯಿರಿ. ಬಹಳ ಸಲ ಅಷ್ಟಕ್ಕೇ ಸುಮ್ಮನಾಗುತ್ತದೆ. ಸ್ವಲ್ಪ ಬೆಳಕಾದ ಮೇಲಾದರೆ ಭದ್ರಾ ನಾಲೆಯ ಏರಿ ಒಳ್ಳೆಯದು. ಮಣ್ಣಿನ ದಾರಿ ಮಂಡಿಗೆ ಹಿತ, ಎರಡೂ ಕಡೆ ಗದ್ದೆ. ಮಳೆ ಬಿದ್ದ ಮರುದಿನ ಮಾತ್ರ ಬೇಡ, ಎರೆಮಣ್ಣು ಶೂಗೆ ಮೆತ್ತಿಕೊಂಡು ಒಂದೊಂದು ಕಾಲೂ ಒಂದು ಸೇರು ಭಾರವಾಗುತ್ತದೆ.

ಶೂ ಬಗ್ಗೆ ಯಾರೂ ಹೇಳಲಿಲ್ಲ. ದೀರ್ಘ ಓಟದಲ್ಲಿ ಪಾದ ಉಬ್ಬುತ್ತದೆ. ಬೆರಳ ತುದಿಯಲ್ಲಿ ಹೆಬ್ಬೆರಳಿನಷ್ಟು ಜಾಗ ಉಳಿಯುವ ಅಳತೆ ತೆಗೆದುಕೊಳ್ಳಿ, ಸಂಜೆ ಹೊತ್ತು ಅಂಗಡಿಗೆ ಹೋಗಿ. ತೊಡೆ, ಕಂಕುಳು, ಒಳ ಉಡುಪಿನ ಪಟ್ಟಿ ಉಜ್ಜುವ ಕಡೆ ವ್ಯಾಸಲೀನ್ ಹಚ್ಚಿ. ಸೋಮವಾರ ನನಗೆ ಕೆಲಸ ಹತ್ತು ಗಂಟೆಗೆ. ಕರೆದರೆ ಬರುತ್ತೇನೆ.

ಗಿರಣಿಮನೆ, ದಾವಣಗೆರೆ

ಎಲ್ಲರಿಗೂ ಕೈಮುಗಿಯುತ್ತೇನೆ. ಐದು ವಾರ ಬಿಟ್ಟು ಬರೆಯುತ್ತಿದ್ದೇನೆ, ಏಕೆಂದರೆ ಮಾಡಿ ನೋಡಿದ ಮೇಲೆಯೇ ಬರೆಯಬೇಕು ಎನಿಸಿತು.

ಹಿಮೋಗ್ಲೋಬಿನ್ 11.2 ಬಂತು. ಹೆಂಗಸರಿಗೆ 12 ಇರಬೇಕಂತೆ. ವೈದ್ಯರು ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ, ನಿಧಾನ ಓಟಕ್ಕೆ ಅಡ್ಡಿಯಿಲ್ಲ ಎಂದರು. ಇ.ಸಿ.ಜಿ. ಸರಿಯಾಗಿದೆ. ಊಟದ ಜೊತೆಗಿನ ಚಹಾ ಬಿಟ್ಟೆ. ಇಪ್ಪತ್ತು ವರ್ಷದ ಅಭ್ಯಾಸ ಬಿಡುವಾಗ ಮೊದಲ ವಾರ ತಲೆ ಸಿಡಿಯಿತು, ಈಗ ಒಗ್ಗಿದೆ.

ಭಾನುವಾರ ನಾಲ್ಕು ಗಂಟೆಯ ನಂತರ ಗಿರಣಿಯನ್ನು ಮಗ ನೋಡಿಕೊಳ್ಳುತ್ತಾನೆ. ಅವನಿಗೆ ಯಂತ್ರ ಬಿಡಲು ಬರುತ್ತದೆ, ಆದರೆ ಕಲ್ಲಿನ ಬಿಗಿ ಹೊಂದಿಸಲು ಬರುತ್ತಿರಲಿಲ್ಲ. ಬಿಗಿ ಹೆಚ್ಚಾದರೆ ಹಿಟ್ಟು ಕಾಯುತ್ತದೆ, ಸಡಿಲವಾದರೆ ರವೆಯಾಗುತ್ತದೆ. ಬೀಳುವ ಹಿಟ್ಟನ್ನು ಅಂಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ತಿಕ್ಕಿ, ಎಷ್ಟು ಬೆಚ್ಚಗಿದೆ, ಎಷ್ಟು ನುಣ್ಣಗಿದೆ ಎಂದು ನೋಡಿ ಹೇಳುವುದನ್ನು ಕಲಿಸಿದೆ. ಎರಡೇ ಭಾನುವಾರದಲ್ಲಿ ಹಿಡಿತಕ್ಕೆ ಬಂತು. ನಾನು ಏಳಕ್ಕೆ ಊಟ ಮುಗಿಸಿ ಎಂಟೂವರೆಗೆ ಮಲಗುತ್ತೇನೆ.

ಮೇಷ್ಟ್ರ ಲೆಕ್ಕದಂತೆ 18, 20, 22, 16 ಆದವು. ಮೊನ್ನೆ 24. ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ಸರಾಸರಿ 8 ನಿಮಿಷ 5 ಸೆಕೆಂಡು. ಬೆಲ್ಲ ಬೆವರಿಗೆ ಕರಗಿ ಜೇಬಿಗೆ ಅಂಟಿತು, ಹಾಗಾಗಿ ಈಗ ಒಣದ್ರಾಕ್ಷಿಯ ಜೊತೆಗೆ ಖರ್ಜೂರ. ಹೊಟ್ಟೆ ಒಮ್ಮೆಯೂ ತಕರಾರು ಮಾಡಲಿಲ್ಲ. ಮೂಟೆ ತೂಗುವ ಯಂತ್ರದ ಮೇಲೆ ಹೋಗುವಾಗ 58.4, ಬಂದಾಗ 57.6.

ಅವತ್ತು ಬೇಕೆಂದೇ ಅದೇ ಪಿ.ಬಿ. ರಸ್ತೆ ಹಿಡಿದಿದ್ದೆ. ಹರಿಹರದವರೆಗೆ ಹೋಗದೆ ಹನ್ನೆರಡಕ್ಕೆ ತಿರುಗಿದೆ. ಬಾತಿ ಹತ್ತಿರವಾದಾಗ ಎದೆ ಹೊಡೆದುಕೊಂಡಿತು, ಕಾಲಿಗಿಂತ ಮೊದಲು ಮನಸ್ಸು ಬಿಗಿಯಿತು. ವಚನ ಹೇಳಿಕೊಂಡೆ, ಉಸಿರು ಕಡಿಯಲಿಲ್ಲ. ಆ ಮೋರಿ ಕಟ್ಟೆ ಬಂತು, ಹೋಯಿತು. ಅಲ್ಲಿಂದ ಮನೆಯವರೆಗೆ ಓಡಿಯೇ ಬಂದೆ. ಮಂಗಳವಾರ ಎಂಟಕ್ಕೆ ಗಿರಣಿ ತೆರೆದೆ. ಮೆಟ್ಟಿಲು ಇಳಿಯುವಾಗ ತೊಡೆ ಸ್ವಲ್ಪ ಎಳೆಯಿತು, ಅಷ್ಟೇ.

ಬರುವ ಸೋಮವಾರ 26 ಇದೆ. ಹರಿಹರದ ತಂಗಿ, ನೀನು ನಿಮ್ಮೂರ ಕಡೆಯಿಂದ ಹೊರಡು, ನಾನು ಈ ಕಡೆಯಿಂದ ಬರುತ್ತೇನೆ. ಬೆಳಿಗ್ಗೆ ಆರೂಕಾಲಿಗೆ ಬಾತಿಯ ಮೋರಿ ಕಟ್ಟೆಯ ಹತ್ತಿರ ಸಿಗೋಣ. ಖರ್ಜೂರ ಇಬ್ಬರಿಗೂ ಆಗುವಷ್ಟು ತರುತ್ತೇನೆ.